ಜವಾಬು ಕೇಳಿದ ಊರು

ಊರಿನ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿದ್ರು. 1942ರ ಸೆಪ್ಟೆಂಬರ್ ತಿಂಗಳು, ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು. ಬೋರ್ಡಿನ ಸಾರ ಇಷ್ಟೇ: ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶ ಇಲ್ಲ. ಗಾಂಧೀಜಿ ಮುಂಬೈಯಲ್ಲಿ ‘ಭಾರತ ಬಿಟ್ಟು ತೊಲಗಿ’ ಅಂತ ಕರೆ ಕೊಟ್ಟು ಎರಡು ತಿಂಗಳೂ ಆಗಿರಲಿಲ್ಲ. ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಏರಿಸಿ, ನಮ್ಮೂರು ಸ್ವತಂತ್ರ ಅಂತ ಘೋಷಿಸಿಕೊಂಡ ಹಳ್ಳಿ ಅದು.

ಈಸೂರಿನ ಕಥೆ ನಮಗೆಲ್ಲ ಶಾಲೆಯಲ್ಲಿ ಅರ್ಧ ಪುಟ. ಪರೀಕ್ಷೆಗೆ ಎರಡು ಅಂಕ. ಆ ಅರ್ಧ ಪುಟದಲ್ಲಿ ಬಿಟ್ಟುಹೋಗುವ ಒಂದು ವಿಷಯ ಇದೆ, ವೀಕ್ಷಕರೇ. ಊರವರು ತಮ್ಮದೇ ಸರ್ಕಾರ ಮಾಡಿಕೊಂಡಾಗ ಯಾವ ಹುದ್ದೆಗಳನ್ನು ತುಂಬಿದ್ರು ಗೊತ್ತಾ? ಮಂತ್ರಿ ಅಲ್ಲ, ದಿವಾನ ಅಲ್ಲ. ಒಬ್ಬ ಅಮಲ್ದಾರ್, ಒಬ್ಬ ಸಬ್‌ಇನ್‌ಸ್ಪೆಕ್ಟರ್. ಎರಡೂ ಹುದ್ದೆಗೆ ಆರಿಸಿದ್ದು ಇನ್ನೂ ಮೀಸೆ ಬಾರದ ಹುಡುಗರನ್ನ.

ಚಿಕ್ಕ ಹುಡುಗರನ್ನು ಪೊಲೀಸರು ಹಿಡಿಯೋದಿಲ್ಲ ಅನ್ನೋ ಲೆಕ್ಕಾಚಾರ ಅದು ಅಂತ ಹೇಳುವವರಿದ್ದಾರೆ. ಇರಬಹುದು. ನನಗೆ ಮುಖ್ಯ ಅನಿಸೋದು ಹುಡುಗರ ವಯಸ್ಸಲ್ಲ, ಆ ಎರಡು ಹುದ್ದೆ. ಆ ಕಾಲದ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರ್ ಅಂದ್ರೆ ಬರೀ ಕಂದಾಯ ವಸೂಲಿ ಮಾಡೋ ಮನುಷ್ಯ ಅಲ್ಲ, ಅವರಿಗೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಇತ್ತು. ಸಬ್‌ಇನ್‌ಸ್ಪೆಕ್ಟರ್ ಕೇಸ್ ಹಾಕಬೇಕು, ಅಮಲ್ದಾರ್ ಕೇಸ್ ಕೇಳಬೇಕು. ಹಳ್ಳಿಯವನಿಗೆ ಕಾನೂನು ಅಂದ್ರೆ ಈ ಎರಡು ಮುಖ, ಅಷ್ಟೇ. ಮೇಲಿನ ಮಹಾರಾಜರ ಮುಖ ದಸರಾ ಚಿತ್ರದಲ್ಲಿ ನೋಡಿದ್ದು. ಆದ್ದರಿಂದ ಸ್ವಾತಂತ್ರ್ಯ ಅಂದ ತಕ್ಷಣ ಈಸೂರಿನವರು ಮೊದಲು ಬದಲಾಯಿಸಿದ್ದು ಈ ಎರಡು ಕುರ್ಚಿಗಳನ್ನ.

ಆ ಬೋರ್ಡಿನ ‘ಬೇಜವಾಬ್ದಾರಿ’ ಎಂಬ ಪದವನ್ನೂ ಸ್ವಲ್ಪ ನಿಂತು ನೋಡಬೇಕು. ಇವತ್ತು ನಾವು ಗಾಡಿ ಅಡ್ಡಾದಿಡ್ಡಿ ಓಡಿಸುವವನಿಗೂ ಆ ಮಾತು ಬಳಸ್ತೀವಿ. ಆಗ ಅದು ರಾಜಕೀಯದ ಪದ. ಜವಾಬು ಅಂದ್ರೆ ಉತ್ತರ. ಪ್ರಜೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದ ಸರ್ಕಾರ ಜವಾಬ್ದಾರಿ ಸರ್ಕಾರ. ಮೈಸೂರು ಕಾಂಗ್ರೆಸ್ಸು ವರ್ಷಗಟ್ಟಲೆ ಕೇಳಿದ್ದು ಅದನ್ನೇ. ಅದು ಸಿಕ್ಕಿದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ, ‘ಮೈಸೂರು ಚಲೋ’ ನಡೆದ ಮೇಲೆ, 1947ರ ಅಕ್ಟೋಬರ್‌ನಲ್ಲಿ, ಕೆ.ಸಿ. ರೆಡ್ಡಿ ಅವರು ಮುಖ್ಯಮಂತ್ರಿಯಾದಾಗ. ಈಸೂರಿನವರು ಐದು ವರ್ಷ ಮೊದಲೇ ಅವಸರ ಮಾಡಿದ್ರು.

ಮುಂದಿನದು ನಿಮಗೆ ಗೊತ್ತು. 1942ರ ಸೆಪ್ಟೆಂಬರ್ 28. ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರ ಜೊತೆ ಊರಿಗೆ ಬಂದ್ರು. ಗಾಂಧಿ ಟೋಪಿ ಹಾಕಿಕೊಂಡು ಒಳಗೆ ಬನ್ನಿ ಅಂತ ಜನ. ಮಾತಿಗೆ ಮಾತು, ಲಾಠಿ, ಗುಂಡು. ಕೊನೆಗೆ ಇಬ್ಬರೂ ಅಧಿಕಾರಿಗಳು ಜನರ ಕೈಯಲ್ಲಿ ಸತ್ತರು. ಕೊಲೆ ಕೊಲೆಯೇ. ಆ ಇಬ್ಬರಿಗೂ ಮನೆ ಇತ್ತು, ಮಕ್ಕಳುಮರಿ ಇದ್ರು ಅನ್ನೋದನ್ನ ನಾವು ವೀರಗಾಥೆ ಹೇಳುವಾಗ ನುಂಗಿಬಿಡ್ತೀವಿ. ನುಂಗಬಾರದು.

ಆಮೇಲೆ ಊರಿಗೆ ಸಶಸ್ತ್ರ ಪಡೆ ನುಗ್ಗಿತು. ಜನ ಮನೆ ಬಿಟ್ಟು ಕಾಡು ಸೇರಿದ್ರು. ಮನೆಗಳು ಲೂಟಿಯಾದವು, ಬೆಂಕಿಗೆ ಹೋದವು. ಕೇಸು ನಡೀತು, ಮಹಿಳೆಯರಿಗೂ ಶಿಕ್ಷೆಯಾಯಿತು. 1943ರ ಮಾರ್ಚ್ 8ರಿಂದ 10ರ ನಡುವೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಹಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. ಘಟನೆ ಸೆಪ್ಟೆಂಬರ್ ಕೊನೆಗೆ, ಗಲ್ಲು ಮಾರ್ಚ್ ಮೊದಲಿಗೆ. ಆರು ತಿಂಗಳು ತುಂಬಿರಲಿಲ್ಲ. ನಮ್ಮ ವ್ಯವಸ್ಥೆಗೆ ಮನಸ್ಸಿದ್ರೆ ಎಷ್ಟು ವೇಗವಾಗಿ ಕೆಲಸ ಮಾಡುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ಈಗ ಇನ್ನೊಂದು ತಾರೀಖು ಪಕ್ಕದಲ್ಲಿಟ್ಟುಕೊಳ್ಳಿ. 1938ರ ಏಪ್ರಿಲ್ 25. ಅದೇ ಮೈಸೂರು ಸಂಸ್ಥಾನ, ಕೋಲಾರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತು, ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಸರ್ಕಾರ ಏನು ಮಾಡಿತು? ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಮಾಡಿತು. ಇಬ್ಬರು ಅಧಿಕಾರಿಗಳು ಸತ್ತಾಗ ಐದು ನೇಣು. ಅಧಿಕಾರಿಗಳ ಗುಂಡಿಗೆ ಜನ ಸತ್ತಾಗ ಒಂದು ಸಮಿತಿ. ಈಸೂರಿನಲ್ಲಿ ಗಲ್ಲಿಗೇರಿದ ಐವರ ಹೆಸರು ಈ ತಾಲ್ಲೂಕಿನ ಮಕ್ಕಳಿಗೂ ಬಾಯಿಪಾಠ. ಊರಿಗೆ ಬೆಂಕಿ ಇಟ್ಟವರ ಹೆಸರು ಯಾರ ಬಾಯಲ್ಲೂ ಇಲ್ಲ.

ಕಾನೂನು ಕಾಯಬೇಕಾದವನೇ ಕೈಕಟ್ಟಿ ಕೂತಾಗ ಅವನ ಮೇಲೆ ಕೇಸ್ ಹಾಕುವವರು ಯಾರು? ಈ ಪ್ರಶ್ನೆ ಹಿಡಿದುಕೊಂಡು ಶಿಕಾರಿಪುರ ತಾಲ್ಲೂಕಿನಲ್ಲೇ ಇನ್ನೂ ಹಿಂದಕ್ಕೆ ಹೋಗಬಹುದು. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. ಅದರ ಮೇಲೆ ಕುಬ್ಜ ಎಂಬ ಕವಿ ಬರೆದ ಐದನೇ ಶತಮಾನದ ಶಾಸನ. ಈ ಊರಿನ ಮಯೂರಶರ್ಮ ಓದಲಿಕ್ಕೆ ಕಂಚಿಗೆ ಹೋದ, ಅಲ್ಲಿ ಪಲ್ಲವರ ಅಶ್ವಪಡೆಯವನ ಜೊತೆ ಜಗಳವಾಯಿತು, ಅವಮಾನ ತಡೆಯಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಅಂತ ಆ ಕಂಬ ಹೇಳುತ್ತೆ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ. ಪಲ್ಲವ ರಾಜ ಆ ಒಬ್ಬ ಸವಾರನನ್ನ ಕರೆಸಿ ವಿಚಾರಿಸಿದ್ದಿದ್ರೆ ಕನ್ನಡದ ಮೊದಲ ರಾಜಮನೆತನದ ಕಥೆ ಬೇರೆ ಆಗ್ತಿತ್ತೇನೋ. ಇದು ನನ್ನ ಊಹೆ, ಶಾಸನದ ಮಾತಲ್ಲ.

1830ರ ನಗರ ದಂಗೆಯೂ ಇದೇ ಸೀಮೆಯದು. ಅಮಲ್ದಾರರು ಇಷ್ಟು ಹಣ ಕಟ್ಟೇ ಕಟ್ತೀವಿ ಅಂತ ಒಪ್ಪಂದ ಮಾಡಿಕೊಂಡು ರೈತರಿಂದ ಕಿತ್ತುಕೊಳ್ಳುವ ಶರತ್ತು ಪದ್ಧತಿ ಆಗ ಜಾರಿಯಲ್ಲಿತ್ತು. ಸುಲಿಯುವವನೇ ದೂರು ಕೇಳುವವನೂ ಆಗಿದ್ದ. ರೈತರು ಕೂಟ ಕಟ್ಟಿದ್ರು. 1831ರಲ್ಲಿ ಬ್ರಿಟಿಷರು ಇದನ್ನೇ ನೆಪ ಮಾಡಿಕೊಂಡು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. ಅರಮನೆಗೆ ಅದು ವಾಪಸ್ ಬಂದಿದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ, ಮುಮ್ಮಡಿಯವರು ತೀರಿಕೊಂಡ ಮೇಲೆ.

ಸರಿ, ರಾಜರ ಕಾಲ ಮುಗೀತು. ಸಂವಿಧಾನ ಬಂತು. ಅದರ 50ನೇ ವಿಧಿ ಕಾರ್ಯಾಂಗವನ್ನೂ ನ್ಯಾಯಾಂಗವನ್ನೂ ಬೇರೆ ಮಾಡಿ ಅಂತು, ಕೇಸ್ ಕೇಳುವ ಅಮಲ್ದಾರ್ ಹೋದರು, ನ್ಯಾಯಾಧೀಶರು ಬಂದರು. ಈಗೇನು?

ಅಂಬ್ಲಿಗೊಳ ಜಲಾಶಯದ ಕಡೆಯ ವೀಕ್ಷಕರೊಬ್ಬರು ಒಮ್ಮೆ ಫೋನಿನಲ್ಲಿ ಕೇಳಿದ ಮಾತನ್ನ ಹಾಗೇ ಹೇಳ್ತೀನಿ. “ಸಾರ್, ಹೊಡೆದೋನ ಮೇಲೆ ಕೇಸ್ ಹಾಕಿ ಅಂತ ಠಾಣೆಗೆ ನಾಲ್ಕು ಸಲ ಹೋಗಿದೀನಿ. ರೈಟರ್ ಹತ್ರ ಹೋಗು ಅಂತಾರೆ, ರೈಟರ್ ಸಾಹೇಬ್ರು ಬರಲಿ ಅಂತಾರೆ. ಕೊನೆಗೆ ಒಂದು ಹಿಂಬರಹ ಕೊಟ್ಟು ಕಳಿಸಿದ್ರು. ಈಗ ನಾನು ಯಾರ ಮೇಲೆ ಕಂಪ್ಲೇಂಟ್ ಕೊಡ್ಲಿ, ಹೊಡೆದೋನ ಮೇಲೋ, ಇವ್ರ ಮೇಲೋ?” ಯಾವ ಠಾಣೆ ಅನ್ನೋದು ಇಲ್ಲಿ ಬೇಡ. ಶಿಕಾರಿಪುರದವರಿಗೂ ಸೊರಬದವರಿಗೂ, ಬೀದರ್‌ನವರಿಗೂ ಚಾಮರಾಜನಗರದವರಿಗೂ ಇದು ನಮ್ಮ ಠಾಣೆಯೇ ಇರಬೇಕು ಅನಿಸುತ್ತೆ.

ಅವರಿಗೆ ಕೊಡಬೇಕಾದ ಉತ್ತರ: ಇಬ್ಬರ ಮೇಲೂ. ಪುಸ್ತಕದಲ್ಲಂತೂ ಹಾಗಿದೆ.

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಅದರ 4ನೇ ಕಲಂ ಪ್ರಕಾರ ಕರ್ತವ್ಯವನ್ನ ಬೇಕೆಂದೇ ಕಡೆಗಣಿಸುವ, ಪರಿಶಿಷ್ಟ ಜಾತಿ ಪಂಗಡಕ್ಕೆ ಸೇರದ ಸರ್ಕಾರಿ ನೌಕರನಿಗೆ ಕನಿಷ್ಠ ಆರು ತಿಂಗಳು, ಗರಿಷ್ಠ ಒಂದು ವರ್ಷ ಜೈಲು. ‘ಕರ್ತವ್ಯ’ ಅಂದ್ರೆ ಯಾವುದು ಅಂತ ವಕೀಲರು ವಾದ ಮಾಡಿ ಮಾಡಿ ಆ ಕಲಂ ಸವೆಸಿದ್ದರಿಂದ, ಸಂಸತ್ತು 2015ರಲ್ಲಿ ಪಟ್ಟಿಯನ್ನೇ ಬರೆದುಕೊಟ್ಟಿತು. ಬಾಯಲ್ಲಿ ಹೇಳಿದ ದೂರನ್ನ ಬರೆದುಕೊಂಡರೆ ಸಹಿ ಹಾಕಿಸುವ ಮೊದಲು ದೂರುದಾರನಿಗೆ ಓದಿ ಹೇಳಬೇಕು. ಎಫ್‌ಐಆರ್ ಹಾಕಬೇಕು, ಸರಿಯಾದ ಕಲಂ ಹಾಕಬೇಕು, ಪ್ರತಿ ಕೊಡಬೇಕು. ಅರವತ್ತು ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು, ತಡವಾದರೆ ಕಾರಣ ಬರೆದಿಡಬೇಕು. ಒಂದೊಂದು ವಾಕ್ಯದ ಹಿಂದೆಯೂ ಯಾವುದೋ ಊರಿನ ಯಾವುದೋ ಠಾಣೆಯಲ್ಲಿ ಯಾರಿಗೋ ಆದ ಮೋಸ ಇದೆ. ‘ಓದಿ ಹೇಳಬೇಕು’ ಅಂತ ದೇಶದ ಸಂಸತ್ತು ಬರೆಯಬೇಕಾಗಿ ಬಂತು ಅಂದ್ರೆ, ಓದಿ ಹೇಳದೆ ಎಷ್ಟು ಹೆಬ್ಬೆಟ್ಟು ಒತ್ತಿಸಿಕೊಂಡಿರಬೇಕು ಲೆಕ್ಕ ಹಾಕಿ.

ಇನ್ನೊಂದು ಕಾನೂನು ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2013ರಲ್ಲಿ ಬಂತು. ಐಪಿಸಿಗೆ 166ಎ ಎಂಬ ಕಲಂ ಸೇರಿತು. ಅತ್ಯಾಚಾರದಂಥ ಕೆಲವು ನಿರ್ದಿಷ್ಟ ಅಪರಾಧಗಳ ದೂರನ್ನ ದಾಖಲಿಸದ ಪೊಲೀಸ್ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷ ಕಠಿಣ ಸಜೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಂ. ಅದೇ ವರ್ಷ ನವೆಂಬರ್ 12ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ಇನ್ನೂ ಅಗಲವಾದ ಮಾತು ಹೇಳಿತು. ಗಂಭೀರ, ಅಂದ್ರೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧ ನಡೆದಿದೆ ಅಂತ ದೂರಿನಲ್ಲಿ ಕಂಡ್ರೆ ಎಫ್‌ಐಆರ್ ಕಡ್ಡಾಯ. ಹಾಕದ ಅಧಿಕಾರಿಯ ಮೇಲೆ ಕ್ರಮ ಆಗಬೇಕು. ಬಂದ ಮಾಹಿತಿಯೆಲ್ಲ ಠಾಣಾ ದಿನಚರಿಯಲ್ಲಿ ದಾಖಲಾಗಬೇಕು.

ನಾನು ಓದಿದ್ದು ಎಂಜಿನಿಯರಿಂಗ್, ಕಾನೂನಲ್ಲ. ಹಾಗಾಗಿ ನನಗೆ ಇದು ಅರ್ಥ ಆಗೋದು ಅಣೆಕಟ್ಟಿನ ಲೆಕ್ಕದಲ್ಲಿ. ಅಂಬ್ಲಿಗೊಳದಂಥ ಜಲಾಶಯ ಅಂದ್ರೆ ಬರೀ ನೀರು, ಏರಿ, ಗೇಟು ಅಲ್ಲ. ಎಷ್ಟು ಹೊತ್ತಿಗೆ ನೀರಿನ ಮಟ್ಟ ಎಷ್ಟಿತ್ತು, ಗೇಟು ಯಾರು ಎತ್ತಿದ್ರು, ಎಷ್ಟು ಎತ್ತಿದ್ರು ಅನ್ನೋದನ್ನ ಬರೆದಿಡುವ ಪುಸ್ತಕ ಇಲ್ಲದೆ ಅಣೆಕಟ್ಟು ನಡೆಸೋಕಾಗಲ್ಲ. ಮಳೆಗಾಲದ ರಾತ್ರಿ ಎತ್ತಬೇಕಾದ ಗೇಟು ಎತ್ತದೆ ಕೆಳಗಿನ ಗದ್ದೆ ಕೊಚ್ಚಿಹೋದರೆ ‘ಮೇಲಿನವರು ಹೇಳಲಿಲ್ಲ’ ಅನ್ನೋದು ಉತ್ತರ ಆಗೋದಿಲ್ಲ. ಮಾಡಬಾರದ್ದನ್ನ ಮಾಡಿದ್ದು ಹೇಗೆ ತಪ್ಪೋ, ಮಾಡಬೇಕಾದ್ದನ್ನ ಮಾಡದೇ ಇದ್ದದ್ದೂ ಹಾಗೇ. ಠಾಣಾ ದಿನಚರಿ ಪೊಲೀಸರ ಲಾಗ್ ಬುಕ್. ದೂರು ಅದರೊಳಗೆ ಬರಲೇ ಇಲ್ಲ ಅಂದ್ರೆ ಗೇಟಿನ ಮುಂದೆ ನೀರು ನಿಂತಿದ್ದೇ ಸುಳ್ಳು ಅಂತ ಆಯ್ತು.

ಇಷ್ಟೆಲ್ಲ ಕಲಂ ಇದೆಯಲ್ಲ, ಮತ್ತೆ ಯಾಕೆ ಆ ವೀಕ್ಷಕರು ನಾಲ್ಕು ಸಲ ಅಲೆದರು? ಕಲಂಗಳ ಬೀಗದ ಕೈ ಎಲ್ಲಿದೆ ನೋಡಬೇಕು.

ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿಗೆ 2015ರಲ್ಲಿ ಪಟ್ಟಿ ಸೇರಿಸಿದ್ರು ಅಂದೆನಲ್ಲ, ಅದರ ಬಾಲಕ್ಕೇ ಒಂದು ಷರತ್ತು ಇದೆ. ಆಡಳಿತಾತ್ಮಕ ವಿಚಾರಣೆ ನಡೆದು ಅದರಲ್ಲಿ ಶಿಫಾರಸು ಆದರೆ ಮಾತ್ರ ಆ ನೌಕರನ ಮೇಲೆ ಆರೋಪ ಹೊರಿಸಬಹುದು. ವಿಚಾರಣೆ ಮಾಡುವವರು ಯಾರು? ಅದೇ ಆಡಳಿತದ ಇನ್ನೊಬ್ಬ ಅಧಿಕಾರಿ. 166ಎ ವಿಷಯದಲ್ಲಿ ಸರ್ಕಾರದ ಪೂರ್ವಾನುಮತಿ ಬೇಡ ಅಂತ ಕಾನೂನೇ ಹೇಳುತ್ತೆ, ಒಳ್ಳೆಯದು. ಆದರೆ ಠಾಣಾಧಿಕಾರಿ ಎಫ್‌ಐಆರ್ ಹಾಕಲಿಲ್ಲ ಅನ್ನೋ ಎಫ್‌ಐಆರನ್ನ ಎಲ್ಲಿ ಹಾಕಿಸಬೇಕು? ಅದೇ ಇಲಾಖೆಯ ಇನ್ನೊಂದು ಮೇಜಿನ ಮುಂದೆ.

ಉಳಿದ ಸಂದರ್ಭಗಳಲ್ಲಿ ಹಳೇ ಬೀಗವೇ. ಬ್ರಿಟಿಷ್ ಇಂಡಿಯಾದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 197ನೇ ಕಲಂ ಇತ್ತು. ಸರ್ಕಾರವಲ್ಲದೆ ಬೇರೆಯವರು ತೆಗೆದುಹಾಕಲಾಗದ ಅಧಿಕಾರಿ ಕರ್ತವ್ಯದ ಹೆಸರಲ್ಲಿ ಮಾಡಿದ ಕೆಲಸಕ್ಕೆ ಅವನ ಮೇಲೆ ಕೇಸ್ ನಡೆಯಬೇಕಾದರೆ ಸರ್ಕಾರದ ಅನುಮತಿ ಬೇಕು. 1973ರಲ್ಲಿ ಹೊಸ ಸಂಹಿತೆ ಬಂತು, ಕಲಮಿನ ನಂಬರ್ ಕೂಡ ಬದಲಾಗಲಿಲ್ಲ, ಅದೇ 197. ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಚಿಲಕ, ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ. ಬೆಂಗಳೂರಿನ ಪೊಲೀಸ್ ಅಧಿಕಾರಿಯೊಬ್ಬರ ಮೇಲೆ ಹಲ್ಲೆಯ ಖಾಸಗಿ ದೂರು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2020ರ ಜೂನ್ 18ರಂದು ರದ್ದಾಯಿತು. ಹೊಡೆದರೋ ಇಲ್ಲವೋ ಅನ್ನೋದು ತೀರ್ಮಾನ ಆಗಲಿಲ್ಲ. ಅನುಮತಿ ಇರಲಿಲ್ಲ ಅನ್ನೋದು ತೀರ್ಮಾನ ಆಯಿತು.

ಪ್ರಾಮಾಣಿಕ ಅಧಿಕಾರಿಯನ್ನ ಸುಳ್ಳು ಕೇಸುಗಳಿಂದ ಕಾಯಬೇಡವೇ ಅಂತ ಕೇಳುವವರಿದ್ದಾರೆ. ಖಂಡಿತ ಕಾಯಬೇಕು. ಮರಳು ಲಾರಿ ಹಿಡಿದ ಪಿಎಸ್‌ಐ ಮೇಲೆ ಮರುದಿನವೇ ಹತ್ತು ದೂರು ಬೀಳುತ್ತೆ ಅನ್ನೋದು ನಮಗೂ ಗೊತ್ತು. ನನ್ನ ತಕರಾರು ಬೇಲಿಯ ಬಗ್ಗೆ ಅಲ್ಲ. ಬೇಲಿಯ ಬಾಗಿಲು ಒಳಗಿನಿಂದ ಮಾತ್ರ ತೆಗೆಯೋ ಹಾಗಿದೆ, ಅದರ ಬಗ್ಗೆ.

ಇದರ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ ಈಸೂರಿನಿಂದ ಎದ್ದು ರಾಜ್ಯದ ಇನ್ನೊಂದು ಮೂಲೆಗೆ, ಕಂಬಾಲಪಲ್ಲಿಗೆ ಹೋಗಬೇಕು. ಆಗ ಕೋಲಾರ ಜಿಲ್ಲೆಯಲ್ಲಿದ್ದ, ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಚಿಂತಾಮಣಿ ತಾಲ್ಲೂಕಿನ ಹಳ್ಳಿ. 2000ನೇ ಇಸವಿ ಮಾರ್ಚ್ 11ರ ರಾತ್ರಿ ಏಳು ಮಂದಿ ದಲಿತರನ್ನ ಜೀವಂತವಾಗಿ ಸುಟ್ಟರು. ಒಬ್ಬ ಮನುಷ್ಯ ಹೆಂಡತಿಯನ್ನೂ ಮಕ್ಕಳನ್ನೂ ಒಂದೇ ರಾತ್ರಿ ಕಳೆದುಕೊಂಡ. ಜಾತಿ ಜಗಳ ಊರಿಗೂ ಹೊಸದಲ್ಲ, ಪೊಲೀಸರಿಗೂ ಹೊಸದಲ್ಲ. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ದೊಡ್ಡ ದೊಡ್ಡ ಮಾತುಗಳಾದವು. ಚಾರ್ಜ್‌ಶೀಟ್ ಆಯಿತು.

ಆಮೇಲೆ ಕಾಯುವ ಕೆಲಸ. ಒಂದು ವರ್ಷ, ಎರಡು ವರ್ಷ, ಮೂರು ವರ್ಷ. ಸಾಕ್ಷಿ ಹೇಳಬೇಕಾದವರು ಅದೇ ಸೀಮೆಯಲ್ಲಿ ಕೂಲಿ ಮಾಡಬೇಕು, ಅದೇ ದಾರಿಯಲ್ಲಿ ಓಡಾಡಬೇಕು, ಆರೋಪಿಗಳ ಮುಖ ದಿನಾ ನೋಡಬೇಕು. ಸಾಕ್ಷಿಗಳ ರಕ್ಷಣೆಗೆ ಈ ದೇಶದಲ್ಲಿ ಒಂದು ಯೋಜನೆ ಅಂತ ಬಂದಿದ್ದೇ 2018ರ ಡಿಸೆಂಬರ್‌ನಲ್ಲಿ, ಅದೂ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ. ಕಂಬಾಲಪಲ್ಲಿಯ ಸಾಕ್ಷಿಗಳಿಗೆ ಅದು ಹದಿನೆಂಟು ವರ್ಷ ತಡ. ಒಬ್ಬರಾದ ಮೇಲೆ ಒಬ್ಬರು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರ ಡಿಸೆಂಬರ್‌ನಲ್ಲಿ ಕೋಲಾರದ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಆ ಖುಲಾಸೆಯನ್ನೇ ಎತ್ತಿಹಿಡಿಯಿತು.

ಏಳು ಹೆಣ ಇದೆ. ಸುಟ್ಟವರು ಇಲ್ಲ.

ಈಸೂರಿಗೆ ಆರು ತಿಂಗಳು ಸಾಕಾಯಿತು, ಕಂಬಾಲಪಲ್ಲಿಗೆ ಹದಿನಾಲ್ಕು ವರ್ಷ ಸಾಲಲಿಲ್ಲ. ಅವಸರದ ಗಲ್ಲು ಒಳ್ಳೆಯದು ಅಂತ ನಾನು ಹೇಳ್ತಿಲ್ಲ. ಸಾಕ್ಷಿ ಇಲ್ಲದೆ ಶಿಕ್ಷೆ ಕೊಡಿ ಅಂತಾನೂ ಅಲ್ಲ. ನ್ಯಾಯಾಧೀಶರ ಮುಂದೆ ಇಟ್ಟ ಸಾಕ್ಷ್ಯದ ಮೇಲೆ ಅವರು ತೀರ್ಪು ಕೊಡಬೇಕು, ಕೊಟ್ಟರು. ಆದರೆ ಸಾಕ್ಷಿಯ ಬೆನ್ನಿಗೆ ನಿಲ್ಲಬೇಕಾದ ತನಿಖಾಧಿಕಾರಿ, ಸಾಕ್ಷಿ ತಿರುಗಿಬಿದ್ದಾಗ ಉಳಿದದ್ದನ್ನ ಕಟ್ಟಿ ನಿಲ್ಲಿಸಬೇಕಾದ ಸರ್ಕಾರಿ ವಕೀಲರು, ಇವರ ಕೆಲಸದ ಮೌಲ್ಯಮಾಪನ ಯಾರು ಮಾಡಬೇಕು? ನಾವು ‘ಸಾಕ್ಷಿಗಳು ಉಲ್ಟಾ ಹೊಡೆದರು’ ಅಂತ ಹೆಡ್‌ಲೈನ್ ಹಾಕಿ ಬಡವರ ತಲೆ ಮೇಲೆ ತಪ್ಪು ಹೊರಿಸಿ ಮುಂದಿನ ಸುದ್ದಿಗೆ ಹೋಗಿಬಿಡ್ತೀವಿ.

ಈ ಪ್ರಶ್ನೆಯನ್ನ ನೇರವಾಗಿ ಕೈಗೆತ್ತಿಕೊಂಡ ತೀರ್ಪು ಒಂದಿದೆ. 2014ರ ಜನವರಿ 7, ಗುಜರಾತ್ ಸರ್ಕಾರ ಮತ್ತು ಕಿಶನ್‌ಭಾಯಿ ಪ್ರಕರಣ. ಅಹಮದಾಬಾದಿನಲ್ಲಿ ಆರು ವರ್ಷದ ಹುಡುಗಿಯ ಅತ್ಯಾಚಾರ, ಕೊಲೆ. ತನಿಖೆಯಲ್ಲಿ ಒಂದರ ಮೇಲೊಂದು ಲೋಪ, ಹಾಜರುಪಡಿಸಬೇಕಾದ ಸಾಕ್ಷಿಗಳನ್ನೇ ಹಾಜರುಪಡಿಸಿರಲಿಲ್ಲ. ಆರೋಪಿಯನ್ನ ಬಿಡದೆ ಸುಪ್ರೀಂ ಕೋರ್ಟಿಗೆ ಬೇರೆ ದಾರಿ ಇರಲಿಲ್ಲ. ಆದರೆ ಸಿ.ಕೆ. ಪ್ರಸಾದ್ ಮತ್ತು ಜೆ.ಎಸ್. ಖೇಹರ್ ಅವರ ಪೀಠ ಅಲ್ಲಿಗೆ ನಿಲ್ಲಿಸಲಿಲ್ಲ. ಖುಲಾಸೆ ಆಯಿತು ಅಂದ್ರೆ ಎರಡರಲ್ಲಿ ಒಂದು ನಡೆದಿದೆ: ನಿರಪರಾಧಿಯನ್ನ ಜೈಲಿನಲ್ಲಿ ಕೊಳೆಸಿದ್ದೀರಿ, ಇಲ್ಲಾಂದ್ರೆ ಅಪರಾಧಿಯನ್ನ ತಪ್ಪಿಸಿಕೊಳ್ಳಲು ಬಿಟ್ಟಿದ್ದೀರಿ. ಎರಡೂ ಕಡೆ ಯಾರೋ ಉತ್ತರ ಕೊಡಬೇಕು. ಆದ್ದರಿಂದ ಪ್ರತಿ ರಾಜ್ಯದ ಗೃಹ ಇಲಾಖೆ ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿ ಮಾಡಬೇಕು, ಪ್ರತಿಯೊಂದು ಖುಲಾಸೆಯನ್ನೂ ಪರಿಶೀಲಿಸಬೇಕು, ಲೋಪ ಮಾಡಿದ ಅಧಿಕಾರಿ ಯಾರು ಅಂತ ಬರೆಯಬೇಕು, ಅದು ತಿಳಿಯದೇ ಆದ ತಪ್ಪೋ ಬೇಕೆಂದೇ ಮಾಡಿದ್ದೋ ಹೇಳಬೇಕು, ಇಲಾಖಾ ಕ್ರಮ ಆಗಬೇಕು. ಆರು ತಿಂಗಳೊಳಗೆ ಇದಕ್ಕೆ ವ್ಯವಸ್ಥೆ ಮಾಡಿ ಅಂತು ಪೀಠ.

ನನ್ನ ಮಟ್ಟಿಗೆ ಆ ತೀರ್ಪು ಈಸೂರಿನ ಬೋರ್ಡಿನ ಇಂಗ್ಲಿಷ್ ಆವೃತ್ತಿ. ಆದರೆ ಇಲ್ಲೂ ಸಮಿತಿಯಲ್ಲಿ ಕೂರುವವರು ಅದೇ ಪೊಲೀಸ್, ಅದೇ ಅಭಿಯೋಜನೆ. ಖುಲಾಸೆಯಾದ ಕೇಸಿನಲ್ಲಿ ಸಂತ್ರಸ್ತರಾದವರಿಗೆ ಆ ಸಮಿತಿಯ ಒಂದು ಕುರ್ಚಿಯೂ ಇಲ್ಲ.

ಕೋರ್ಟಿಗೆ ಹೋಗುವ ಮೊದಲೇ ಮುಗಿದುಹೋಗುವ ಕೇಸುಗಳ ದಾರಿ ಬೇರೆ. ‘ಬಿ ರಿಪೋರ್ಟ್’ ಅನ್ನೋ ಎರಡು ಪದ ಗೊತ್ತಿಲ್ಲದ ಹಳ್ಳಿ ಕರ್ನಾಟಕದಲ್ಲಿಲ್ಲ. ಸಾಕ್ಷ್ಯ ಸಿಗಲಿಲ್ಲ, ಕೇಸ್ ಮುಚ್ಚಿ ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ. 2016ರಲ್ಲಿ ರಾಜ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಎಸಿಬಿ ಮಾಡಿತು. ಲೋಕಾಯುಕ್ತ ಪೊಲೀಸರ ಹಲ್ಲು ಕಿತ್ತು ಇದಕ್ಕೆ ಕಟ್ಟಿದ್ರು. 2022ರ ಬೇಸಿಗೆ ಮುಗಿಯುವ ಹೊತ್ತಿಗೆ ಹೈಕೋರ್ಟಿನ ನ್ಯಾಯಮೂರ್ತಿ ಎಚ್.ಪಿ. ಸಂದೇಶ್ ಅವರ ಮುಂದೆ ಲಂಚದ ಕೇಸಿನ ಜಾಮೀನು ಅರ್ಜಿಯೊಂದು ಬಂತು. ಅವರು ಕೇಳಿದ ಪ್ರಶ್ನೆ ಬಹಳ ಸರಳ: 2016ರಿಂದ ಈಚೆಗೆ ಎಸಿಬಿ ಎಷ್ಟು ಬಿ ರಿಪೋರ್ಟ್ ಹಾಕಿದೆ, ಪಟ್ಟಿ ಕೊಡಿ. ಲಂಚ ಹಿಡಿಯುವ ಕಚೇರಿಗಳೇ ಕಲೆಕ್ಷನ್ ಸೆಂಟರ್ ಆಗಿವೆ ಎಂಬರ್ಥದ ಮಾತನ್ನೂ ಆಡಿದರು. ಆಮೇಲೆ ತೆರೆದ ನ್ಯಾಯಾಲಯದಲ್ಲೇ, ನನಗೆ ವರ್ಗಾವಣೆಯ ಬೆದರಿಕೆ ಬಂದಿದೆ ಅಂತ ಹೇಳಿದರು. ಹೈಕೋರ್ಟ್ ನ್ಯಾಯಮೂರ್ತಿ ಹಾಗೆ ಹೇಳಬೇಕಾಗಿ ಬಂದರೆ ನಾಲ್ಕು ಸಲ ಠಾಣೆಗೆ ಅಲೆದ ರೈತ ಏನು ಹೇಳಬೇಕು? ಜಾಮೀನು ಅರ್ಜಿಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋ ವಾದದ ಮೇಲೆ ಸುಪ್ರೀಂ ಕೋರ್ಟ್ ಆ ವಿಚಾರಣೆಗೆ ತಡೆ ಕೊಟ್ಟಿತು. ಆದರೆ ಅದೇ ವರ್ಷ ಆಗಸ್ಟ್ 11ರಂದು ಹೈಕೋರ್ಟಿನ ವಿಭಾಗೀಯ ಪೀಠ ಬೇರೆ ಅರ್ಜಿಗಳ ಮೇಲೆ ಎಸಿಬಿಯನ್ನೇ ರದ್ದು ಮಾಡಿ ಲೋಕಾಯುಕ್ತ ಪೊಲೀಸರಿಗೆ ಅಧಿಕಾರ ವಾಪಸ್ ಕೊಡಿಸಿತು.

ಚಾರ್ಜ್‌ಶೀಟ್ ಆದ ಮೇಲೂ ಒಂದು ಬಾಗಿಲಿದೆ, ಕೇಸ್ ವಾಪಸಾತಿ. ಅದರಲ್ಲಿ ಪಕ್ಷಭೇದ ಇಲ್ಲ. 2020ರಲ್ಲಿ ಬಿಜೆಪಿ ಸರ್ಕಾರ ಶಾಸಕರು, ಸಂಸದರ ಮೇಲಿನವೂ ಸೇರಿ 61 ಕೇಸು ವಾಪಸ್ ಪಡೆಯಲು ಹೊರಟಾಗ ಹೈಕೋರ್ಟ್ ತಡೆಯಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯದ್ದೂ ಸೇರಿ 43 ಕೇಸು ವಾಪಸ್ ಪಡೆಯುವ ಆದೇಶ ಮಾಡಿತು. 2025ರ ಮೇನಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಕಾನೂನಿನ ಪ್ರಕಾರ ಕೇಸ್ ವಾಪಸ್ ಪಡೆಯುವ ವಿವೇಚನೆ ಸರ್ಕಾರಿ ವಕೀಲರದ್ದು, ಸಚಿವ ಸಂಪುಟದ್ದಲ್ಲ. ಅವರು ಕೂಡ ಕೋರ್ಟಿನ ಒಪ್ಪಿಗೆ ಪಡೆಯಬೇಕು. ಮೇಲಿನಿಂದ ಬಂದ ಚೀಟಿಗೆ ಇದು ಆಗೋದಿಲ್ಲ ಅಂತ ಬರೆದ ಸರ್ಕಾರಿ ವಕೀಲರು ಸಿಕ್ಕರೆ ನಮ್ಮ ಸ್ಟುಡಿಯೋಗೆ ಕರೆಸಿ ಸನ್ಮಾನ ಮಾಡಬೇಕು.

ಇಷ್ಟು ಹೇಳಿದ ಮೇಲೆ ಕಾನೂನಿಗೆ ಹಲ್ಲೇ ಇಲ್ಲ ಅಂತ ಕೈಚೆಲ್ಲಬೇಡಿ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲ್, ಕ್ಷೌರದಂಗಡಿಗಳಿಗೆ ದಲಿತರಿಗೆ ಪ್ರವೇಶ ಇಲ್ಲದ ಊರು ಅದು. ಕಂಬಾಲಪಲ್ಲಿಗೆ ಅನ್ವಯಿಸಿದ ಅದೇ ಕಾಯ್ದೆ, ಅದೇ ರಾಜ್ಯದ ಪೊಲೀಸು. ಹತ್ತು ವರ್ಷ ಹಿಡಿಯಿತು, ಕೆಲವು ಆರೋಪಿಗಳು ತೀರಿಕೊಂಡರು. ಆದರೂ 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಜನರನ್ನ ಅಪರಾಧಿಗಳು ಅಂತು. 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಹೈಕೋರ್ಟಿನಲ್ಲಿ ಮೇಲ್ಮನವಿ ಇದೆ, ಅಲ್ಲಿ ಏನಾಗುತ್ತೋ ಆಗಲಿ. ಕೇಸು ಕೊನೆತನಕ ನಿಲ್ಲಬಲ್ಲದು ಅಂತ ಮರಕುಂಬಿ ತೋರಿಸಿದ ಮೇಲೆ, ನಿಲ್ಲದೇ ಹೋದ ಕೇಸುಗಳಿಗೆ ‘ನಮ್ಮ ವ್ಯವಸ್ಥೆಯೇ ಹೀಗೆ’ ಅನ್ನೋ ಸಮಜಾಯಿಷಿ ಸಾಲೋದಿಲ್ಲ.

ಕೊನೆಗೆ ಆ ಹಳೇ ಬೀಗದ ವಿಷಯ. 2024ರ ಜುಲೈ 1ರಿಂದ ಹಳೇ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 197 ಈಗ 218. ಬೀಗ ಹೋಗಿಲ್ಲ, ಆದರೆ ಅದಕ್ಕೊಂದು ಗಡಿಯಾರ ಕಟ್ಟಿದ್ದಾರೆ. ಅಧಿಕಾರಿಯ ಮೇಲೆ ಕೇಸ್ ನಡೆಸಲು ಅನುಮತಿ ಕೇಳಿದ ಮನವಿ ಸರ್ಕಾರಕ್ಕೆ ತಲುಪಿದ ದಿನದಿಂದ 120 ದಿನದೊಳಗೆ ಸರ್ಕಾರ ಹೌದು ಅಥವಾ ಇಲ್ಲ ಅನ್ನಬೇಕು. ಸುಮ್ಮನೆ ಕೂತರೆ ಅನುಮತಿ ಕೊಟ್ಟ ಹಾಗೇ ಲೆಕ್ಕ. ನೂರಕ್ಕೂ ಹೆಚ್ಚು ವರ್ಷ ಮೌನವೇ ಅಧಿಕಾರಿಯ ಗುರಾಣಿ ಆಗಿತ್ತು. ಈಗ ಕಾಗದದ ಮೇಲಾದರೂ ಮೌನ ಪ್ರಜೆಯ ಕಡೆಗೆ ಬಂದಿದೆ.

ಹಾಗಾಗಿ ಠಾಣೆಯಲ್ಲಿ ದೂರು ತಗೊಳ್ಳಲಿಲ್ಲ ಅಂದ್ರೆ ಜಗಳ ಆಡಿ ಬರಬೇಡಿ. ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಅಲ್ಲೂ ಆಗಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರದ ಜೊತೆ ಅರ್ಜಿ ಹಾಕಿ. ಅಧಿಕಾರಿಯ ಮೇಲೆ ಕ್ರಮಕ್ಕೆ ಅನುಮತಿ ಕೇಳುವ ಮನವಿಯನ್ನ ವಿಧಾನಸೌಧದ ಟಪಾಲು ವಿಭಾಗಕ್ಕೇ ಕೊಡೋದಾದ್ರೂ, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸೀಲ್ ಒತ್ತಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ. ಸೀಲಿನ ಶಾಯಿ ತೆಳುವಾಗಿದ್ದರೆ ಇನ್ನೊಂದು ಸಲ ಒತ್ತಿ ಅನ್ನಿ, ತಾರೀಖು ಓದೋ ಹಾಗಿರಬೇಕು. 120ರ ಎಣಿಕೆ ಶುರುವಾಗೋದು ಆ ದಿನದಿಂದ.